ನೈಟ್ ಡ್ಯೂಟಿಯಲ್ಲಿರುವ ಮಗಳಿಗೊಂದು ಪತ್ರ

ಪುಟ್ಟಿ,

"ಅಮ್ಮ, ರೋಗಿಗಳು ಸಿಸ್ಟರ್ ಅಂತ ಕರೆದರೆ ಸಾಕು, ಸಿಟ್ಟು ಬರುತ್ತೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ" ಅಂತ ಮೊನ್ನೆ ಅಳುತ್ತಾ ಹೇಳಿದೆಯಲ್ಲ, ಆ ಮಾತಿಗೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸೋಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಲ್ಲುಮನಸ್ಸಿನವಳಾಗಿಲ್ಲ. ಇದು ಬರ್ನ್‌ಔಟ್ ಅಂತ ನನಗನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತು ಹೇಳಿತು: ಮೈಮನಸ್ಸು ಪೂರ್ತಿ ಬಳಲುವುದು, ಕೆಲಸದ ಮೇಲೆ ಬೇಸರ ಬಂದು ಮನಸ್ಸು ದೂರವಾಗುವುದು, ನನ್ನಿಂದ ಏನೂ ಸರಿಯಾಗಿ ಆಗುತ್ತಿಲ್ಲ ಅನಿಸುವುದು. ಮೂರನ್ನೂ ನೀನೇ ಹೇಳಿದ್ದೀಯ. ಇದನ್ನು ಅವರು ಕಾಯಿಲೆ ಅಂತ ಕರೆಯಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಪಡಿಸದೆ ಬಹಳ ದಿನ ಹಾಗೇ ಬಿಟ್ಟರೆ ಹೀಗಾಗುತ್ತದೆ ಅಂದರು. ಹಾಗಾಗಿ ಮೊದಲು ನಿನ್ನ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ ನೋಡೋಣ.

ರಾತ್ರಿ ಇಪ್ಪತ್ತು ಜನರನ್ನು ಒಬ್ಬಳೇ ನೋಡುತ್ತಿದ್ದೀಯ. ಜನರಲ್ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಮೆಡಿಕಲ್ ಕಾಲೇಜು ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು ಅನ್ನುವುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ. ರಜೆ ಹಾಕುವವರ ಬದಲಿಗೆ ಶೇಕಡಾ 30ರಷ್ಟು ಹೆಚ್ಚು ಜನ ಇರಬೇಕು ಅಂತಲೂ ಅದರಲ್ಲೇ ಇದೆ. ರಜೆ ಕೇಳಲು ನೀನು ಯಾಕೆ ಅಷ್ಟು ಹೆದರಬೇಕು?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಜೊತೆಗಾರರು 168 ಆಸ್ಪತ್ರೆಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೆ ಬರ್ನ್‌ಔಟ್ ಸಾಧ್ಯತೆ ಶೇಕಡಾ 23ರಷ್ಟು ಏರುತ್ತಿತ್ತು. ಆಪರೇಷನ್ ಆದ ರೋಗಿ ತಿಂಗಳೊಳಗೆ ಸಾಯುವ ಸಾಧ್ಯತೆಯೂ ಶೇಕಡಾ 7ರಷ್ಟು ಏರುತ್ತಿತ್ತು. ಹಾಗಾಗಿ ಜನ ಕೊಡಿ ಅಂತ ಕೇಳುವುದು ರೋಗಿಗಳ ಪರವಾಗಿ ಕೇಳಿದ ಹಾಗೆಯೇ. ಸಂಕೋಚಪಡಬೇಡ.

ಇನ್ನೊಂದು ವಿಷಯ ವಾರ್ಡಿನಲ್ಲಿ ಇದ್ದವರಿಗೇ ಗೊತ್ತು. ಹದಿನೈದು ದಿನ ನಾವೇ ಮೈ ಒರೆಸಿ, ಗಂಜಿ ಕುಡಿಸಿದ ಅಜ್ಜ ಬೆಳಗಿನ ಜಾವ ಹೋಗಿಬಿಡುತ್ತಾನೆ. ಮನೆಯವರಿಗೆ ಹೇಳಬೇಕು, ಪೇಪರ್ ಬರೀಬೇಕು, ಶೀಟ್ ಬದಲಿಸಬೇಕು. ಅಷ್ಟರಲ್ಲಿ ಆ ಬೆಡ್ಡಿಗೆ ಹೊಸ ಅಡ್ಮಿಷನ್. ಅಳೋಕೆ ಪುರುಸೊತ್ತೇ ಇಲ್ಲ. ಅದೆಲ್ಲ ಒಳಗೇ ಉಳಿದು ಕೊನೆಗೆ ಸಿಟ್ಟಾಗಿ ಹೊರಗೆ ಬರುತ್ತದೆ. ನಾನು ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಆಗಿದ್ದಾಗ, ವಾರ್ಡಿನಲ್ಲಿ ಸಾವಾದ ದಿನ ಮುಂದಿನ ಶಿಫ್ಟಿನವರಿಗೆ ಹ್ಯಾಂಡ್‌ಓವರ್ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಟೀ ಕುಡಿಸುತ್ತಿದ್ದೆ. ಹೋದವರ ಹೆಸರು ಹಿಡಿದೇ ಮಾತಾಡುತ್ತಿದ್ದೆವು. ಹುಡುಗಿಯರು ಅಳುತ್ತಿದ್ದರು, ಆಮೇಲೆ ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದರು. ನಿನ್ನ ಜೊತೆಯವರೊಂದಿಗೆ ಇದನ್ನು ಶುರು ಮಾಡು, ಯಾರ ಅಪ್ಪಣೆಯೂ ಬೇಡ.

ನಿಮ್ಮಲ್ಲಿ ಯೋಗ ಕ್ಲಾಸ್ ಇಟ್ಟಿದ್ದಾರಂತೆ. ಹೋಗು, ಒಳ್ಳೆಯದೇ. ಆದರೆ ಅದರಿಂದ ರೋಗಿಗಳ ಸಂಖ್ಯೆ ಕಡಿಮೆಯಾಗುವುದಿಲ್ಲ ಅಲ್ವಾ? ಪ್ರತಿ ಶಿಫ್ಟಿನಲ್ಲಿ ಎಷ್ಟು ರೋಗಿ, ಎಷ್ಟು ಸಿಸ್ಟರ್ ಅಂತ ಡೈರಿಯಲ್ಲಿ ಬರೆದಿಡು. ತಿಂಗಳ ಲೆಕ್ಕ ಹಿಡಿದು ನಾಲ್ಕೈದು ಜನ ಸೇರಿ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ. ಒಬ್ಬಳೇ ಹೋಗಬೇಡ. ನೈಟ್ ಮುಗಿದ ಮೇಲೆ ಮತ್ತೆ ಡಬಲ್ ಡ್ಯೂಟಿ ಮಾಡು ಅಂದರೆ ಆಗಲ್ಲ ಅನ್ನು.

ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನಿಸಿದರೆ, ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಮಾಡಬಹುದು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲಸ ಬಿಡಬೇಕು ಅನಿಸಿದರೂ ಹೇಳು. ನಿನ್ನ ಓದಿನ ಸಾಲದ ಕಂತು ನಾನೂ ನಿಮ್ಮಪ್ಪನೂ ನೋಡಿಕೊಳ್ಳುತ್ತೇವೆ, ಮಾತಾಡಿಕೊಂಡಿದ್ದೇವೆ. ಈಗ ಮುಂದಿನ ವಾರದ ರೋಸ್ಟರ್ ಫೋಟೋ ಕಳಿಸು. ಯಾವತ್ತು ಆಫ್ ಅಂತ ನೋಡಿ ನಾನೇ ಬಸ್ಸು ಹತ್ತಿ ಬರುತ್ತೇನೆ.

ನಿನ್ನ ಅಮ್ಮ