ಎಂಟನೇ ತರಗತಿಯ ಮಗುವನ್ನು ಬಲ್ಲವರು ಯಾರು?

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ಯಾವ ಜಿಲ್ಲೆ ಮೇಲೇರಿತು, ಯಾವುದು ಕೆಳಗಿಳಿಯಿತು ಎಂಬ ಚರ್ಚೆ ಜೋರಾಗಿ ನಡೆಯುತ್ತದೆ. ಆದರೆ ಪರೀಕ್ಷೆಯವರೆಗೂ ಬಾರದೆ, ಎಂಟು ಅಥವಾ ಒಂಬತ್ತನೇ ತರಗತಿಯಲ್ಲೇ ಶಾಲೆಯಿಂದ ಸದ್ದಿಲ್ಲದೆ ಸರಿದುಹೋಗುವ ಮಕ್ಕಳ ವಿಚಾರ ಆ ಚರ್ಚೆಯಲ್ಲಿ ಬರುವುದೇ ಇಲ್ಲ.

ಏಳನೇ ತರಗತಿಯವರೆಗೆ ಊರಿನ ಶಾಲೆಯಲ್ಲಿ ಓದುವ ಮಗುವನ್ನು, ಅದರ ತಂದೆ ತಾಯಿ ಯಾವಾಗ ಗುಳೆ ಹೋಗುತ್ತಾರೆ ಎಂಬುದೂ ಸೇರಿದಂತೆ, ಅಲ್ಲಿನ ಶಿಕ್ಷಕರು ಬಲ್ಲರು. ವರ್ಗಾವಣೆ ಪತ್ರ ಹಿಡಿದು ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಬಂದ ಅದೇ ಮಗುವಿಗೆ ವಿಷಯಕ್ಕೊಬ್ಬರು ಶಿಕ್ಷಕರು ಸಿಗುತ್ತಾರೆ, ತನ್ನವರು ಎನ್ನಬಹುದಾದವರು ಮಾತ್ರ ಸಿಗುವುದಿಲ್ಲ. ಮೂರು ದಿನ ಬಾರದಿದ್ದರೂ ಯಾರೂ ಕೇಳದಿದ್ದಾಗ, ನಾಲ್ಕನೆಯ ದಿನ ಬರಲು ಮಗುವಿಗೇ ಸಂಕೋಚವಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುವುದರಿಂದ, ಕಾನೂನಿನ ಹಿಡಿತ ಸಡಿಲವಾಗುವ ಹೊತ್ತಿಗೇ ಈ ಅಪರಿಚಿತತನವೂ ಎದುರಾಗುತ್ತದೆ.

ಜೂನ್‌ನಲ್ಲಿ ನಡೆಯುವ ಸೇತುಬಂಧ ಕಾರ್ಯಕ್ರಮ ಮಗು ಹಿಂದಿನ ತರಗತಿಯಲ್ಲಿ ಏನು ಕಲಿತಿದೆ ಎಂಬುದನ್ನು ಅಳೆದು, ಕಲಿಕೆಯ ಕೊರತೆಯನ್ನಷ್ಟೇ ತುಂಬಲು ನೋಡುತ್ತದೆ. ವಿದ್ಯಾರ್ಥಿಗಳ ವಿವರ ದಾಖಲಿಸುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದ ಮೂಲಕ ಜಾತಿ, ಜನ್ಮದಿನಾಂಕ, ಅಂಕಗಳೆಲ್ಲ ಹೊಸ ಶಾಲೆಗೆ ತಲುಪುತ್ತವೆ. ಈ ಹುಡುಗಿ ಚೆನ್ನಾಗಿ ಹಾಡುತ್ತಾಳೆ, ಈ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರಷ್ಟೇ ಪಾಠ ಹತ್ತುತ್ತದೆ ಎಂಬ ಮಾತುಗಳು ಹಳೆಯ ಶಾಲೆಯಲ್ಲೇ ಉಳಿಯುತ್ತವೆ. ಸೇತುಬಂಧದ ಅವಧಿಯಲ್ಲಿ ಸುತ್ತಲಿನ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರನ್ನು ಒಂದು ದಿನ ಪ್ರೌಢಶಾಲೆಗೆ ಕರೆಸಿ, ತಾವು ಕಳುಹಿಸಿದ ಮಕ್ಕಳ ಬಗ್ಗೆ ಮಾತನಾಡಲು ಅವಕಾಶ ಕೊಟ್ಟರೆ ಇಲಾಖೆಗೆ ದೊಡ್ಡ ಖರ್ಚೇನೂ ಬೀಳದು.

ಇದಕ್ಕಿಂತ ಮುಖ್ಯವಾಗಿ, ಎಂಟನೇ ತರಗತಿಗೆ ನೇಮಕವಾದ ತರಗತಿ ಶಿಕ್ಷಕರೇ ಹತ್ತನೇ ತರಗತಿಯವರೆಗೂ ಆ ಮಕ್ಕಳ ಜೊತೆ ಮುಂದುವರಿಯಬೇಕು. ವರ್ಗಾವಣೆಗಳ ನಡುವೆ ಇದು ಹೇಗೆ ಸಾಧ್ಯ ಎಂದು ಕೆಲವರು ಕೇಳಬಹುದು. ಎಲ್ಲ ಕಡೆ ಆಗದು, ನಿಜ. ಆದರೆ ಶೈಕ್ಷಣಿಕ ವರ್ಷದ ಕೊನೆಗೆ ಬಿಡುಗಡೆಯಾಗುವ ಅತಿಥಿ ಶಿಕ್ಷಕರಿಗೆ ತರಗತಿಯ ಹೊಣೆ ವಹಿಸಿ, ಕಾಯಂ ಶಿಕ್ಷಕರು ಕೇವಲ ಪಾಠಕ್ಕೆ ಸೀಮಿತರಾಗುವ ವ್ಯವಸ್ಥೆಯನ್ನಾದರೂ ತಪ್ಪಿಸಬಹುದು. ಚಿತ್ರಕಲೆ ಅಥವಾ ದೈಹಿಕ ಶಿಕ್ಷಣ ಶಿಕ್ಷಕರಿಗೂ ಈ ಹೊಣೆ ಕೊಡಬಹುದು. ನನ್ನ ಅನುಭವದಲ್ಲಿ, ಯಾವ ಮಗು ಬೆಳಿಗ್ಗೆ ಉಪವಾಸ ಬಂದಿದೆ ಎಂಬುದು ಮೊದಲು ತಿಳಿಯುವುದು ಮೈದಾನದಲ್ಲಿರುವವರಿಗೆ.

ಮಕ್ಕಳನ್ನು ಗುರುತಿಸಲು ಶಾಲಾ ಸಂಸತ್ತು, ಪ್ರತಿಭಾ ಕಾರಂಜಿ ಸ್ಪರ್ಧೆಗಳು ಇವೆಯಲ್ಲ ಎನ್ನಬಹುದು. ಬಹುಮಾನದ ಆಸೆಯಿಂದ ಪ್ರತಿ ವರ್ಷ ಅದೇ ನಾಲ್ಕೈದು ಮಕ್ಕಳನ್ನು ಕಳುಹಿಸುವ ಶಾಲೆಗಳಲ್ಲಿ ಉಳಿದವರು ಚಪ್ಪಾಳೆಗಷ್ಟೇ ಇರುತ್ತಾರೆ.

ಬರುವ ಶೈಕ್ಷಣಿಕ ವರ್ಷದ ಪ್ರಾರಂಭೋತ್ಸವಕ್ಕೆ ಮುನ್ನವೇ ಶಾಲಾ ಶಿಕ್ಷಣ ಇಲಾಖೆ ಈ ಕುರಿತು ಸುತ್ತೋಲೆ ಹೊರಡಿಸಬೇಕು. ಎಂಟನೇ ತರಗತಿಯ ಮಗು ಸತತ ಮೂರು ದಿನ ಗೈರಾದರೆ ಮನೆಗೆ ಹೋಗಿ ವಿಚಾರಿಸುವುದು ಯಾರ ಕರ್ತವ್ಯ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ