ಆ ನೋಟ್ಸ್ ಇಟ್ಟುಹೋದವರಿಗೆ

ಮೊನ್ನೆ 25 ವರ್ಷದ ಮೇಲೆ ನಮ್ಮ ಬ್ಯಾಚಿನವರೆಲ್ಲ ಸೇರಿದ್ದೆವು. ಬೋಳುತಲೆ, ಬೊಜ್ಜು, ಮಕ್ಕಳ ಮಾರ್ಕ್ಸು, ಮಾಮೂಲಿ ಮಾತು. ನಾನು ಮಾತ್ರ ಒಂದೇ ಪ್ರಶ್ನೆ ಹಿಡಿದು ಎಲ್ಲರ ಬಳಿ ಅಲೆದೆ.

ಕೊನೆಯ ವರ್ಷ ಕಾಮಾಲೆಯಾಗಿ ಆರು ವಾರ ಮಲಗಿದ್ದೆ. ವಾಪಸ್ ಬಂದಾಗ ಹಾಸ್ಟೆಲ್ ಕೋಣೆಯ ಬಾಗಿಲ ಬಳಿ ಒಂದು ಕಟ್ಟು: ತಪ್ಪಿಹೋದ ಅಷ್ಟೂ ಪಾಠದ ನೋಟ್ಸು, ಕಾರ್ಬನ್ ಹಾಳೆ ಇಟ್ಟು ತೆಗೆದ ಪ್ರತಿ. ಅಂಚಿನಲ್ಲೆಲ್ಲ ನೀಲಿ ಬೆರಳ ಗುರುತು. ಎಂಟ್ರೋಪಿಯ ಪುಟದಲ್ಲಿ ಪೆನ್ಸಿಲ್ಲಿನಲ್ಲಿ, 'ಇದು ನನಗೂ ಅರ್ಥವಾಗಿಲ್ಲ.' ಹೆಸರಿಲ್ಲ.

ಪಾಸಾದೆ. ಕೆಲಸ, ಸಂಸಾರ, ಎಲ್ಲ ಆಯಿತು.

ಮೊನ್ನೆಯೂ ಯಾರೂ 'ನಾನೇ' ಅನ್ನಲಿಲ್ಲ. ಒಬ್ಬ ಮಾತ್ರ ನಕ್ಕು ಮಾತು ತಿರುಗಿಸಿದ. ಅನುಮಾನವಿದೆ, ಕೆದಕಲಿಲ್ಲ.

ಯಾರೇ ಆಗಿರು, ನಿನ್ನ ಋಣ ದೊಡ್ಡದು. ತುಂಬಾ ಥ್ಯಾಂಕ್ಸ್. ಅಂದ ಹಾಗೆ, ಎಂಟ್ರೋಪಿ ನನಗೆ ಈಗಲೂ ಅರ್ಥವಾಗಿಲ್ಲ.