ಶಾರ್ಟ್‌ವೇವ್‌ಗೆ ರಾತ್ರಿಗಿಂತ ಮುಸ್ಸಂಜೆ ಮುಖ್ಯ

ಮಾನ್ಯ ಸಂಪಾದಕರೇ,

ಶಾರ್ಟ್‌ವೇವ್ ರೇಡಿಯೊ ಬಗ್ಗೆ ಬರೆಯುವವರು 'ಹಗಲು ಕೇಳಿಸದು, ರಾತ್ರಿ ಕೇಳಿಸುತ್ತದೆ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ಹೆಚ್ಚು ಆವರ್ತನದ 19 ಮೀಟರ್ ಬ್ಯಾಂಡ್ ಹಗಲಿನಲ್ಲೇ ಚೆನ್ನಾಗಿ ಕೇಳಿಸುತ್ತದೆ ಎಂಬುದನ್ನು ಬಲ್ಲವರಿಗೆ ಈ ಮಾತು ಅರ್ಧಸತ್ಯವೆಂದು ಗೊತ್ತು. ದೂರದ ಸ್ಟೇಷನ್ನು ಸಿಗುವುದೂ ಸಿಗದಿರುವುದೂ ಗಡಿಯಾರಕ್ಕಿಂತ ಹೆಚ್ಚಾಗಿ, ಸೂರ್ಯ ದಿಗಂತದಿಂದ ಎಷ್ಟು ಮೇಲಿದ್ದಾನೆ ಅಥವಾ ಎಷ್ಟು ಕೆಳಗಿಳಿದಿದ್ದಾನೆ ಎಂಬುದರ ಮೇಲೆ ನಿಂತಿದೆ.

ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ, ಬಿಸಿಲಿನಿಂದ ಗಾಳಿಯ ಕಣಗಳು ಅಯಾನು ಮತ್ತು ಎಲೆಕ್ಟ್ರಾನುಗಳಾಗಿ ಒಡೆದು ಉಂಟಾಗುವ 'ಡಿ' ಪದರ ಸೂರ್ಯ ನೆತ್ತಿಗೇರಿದಷ್ಟೂ ಬಲಿತು, 49 ಮೀಟರ್ ಬ್ಯಾಂಡಿನಂಥ ಕಡಿಮೆ ಆವರ್ತನದ ತರಂಗಗಳನ್ನು ಹೀರಿಕೊಳ್ಳುತ್ತದೆ. ಅಲ್ಲಿನ ಗಾಳಿ ಮೇಲಿನ ಪದರಗಳಿಗಿಂತ ದಟ್ಟವಾಗಿರುವುದರಿಂದ, ಬಿಸಿಲು ಮರೆಯಾದ ಸ್ವಲ್ಪ ಹೊತ್ತಿನಲ್ಲೇ ಎಲೆಕ್ಟ್ರಾನುಗಳು ಅಯಾನುಗಳೊಂದಿಗೆ ಮರಳಿ ಕೂಡಿಕೊಂಡು ಪದರ ಕರಗಿಹೋಗುತ್ತದೆ. ತರಂಗಗಳನ್ನು ಬಾಗಿಸಿ ಭೂಮಿಗೆ ಮರಳಿಸುವ 'ಎಫ್' ಪದರವಾದರೋ 300 ಕಿ.ಮೀ. ಆಸುಪಾಸಿನಲ್ಲಿದ್ದು, ಸೂರ್ಯ ನಮ್ಮ ದಿಗಂತಕ್ಕಿಂತ ಸುಮಾರು 17 ಡಿಗ್ರಿ ಕೆಳಗಿಳಿಯುವವರೆಗೆ, ಅಂದರೆ ನಮ್ಮಲ್ಲಿ ಸೂರ್ಯ ಮುಳುಗಿ ಒಂದು ಗಂಟೆ ಮೀರಿದರೂ, ಅಲ್ಲಿ ಬಿಸಿಲು ಇದ್ದೇ ಇರುತ್ತದೆ. ಹೀರುವ ಪದರ ಕರಗಿ, ಮರಳಿಸುವ ಪದರ ಇನ್ನೂ ಉಳಿದಿರುವ ಈ ಹೊತ್ತೇ ದೂರದ ಸ್ಟೇಷನ್ನಿಗೆ ಒಳ್ಳೆಯದು. ಭೂಗೋಳವನ್ನು ಸುತ್ತುವರಿದ ಈ ಮುಸ್ಸಂಜೆಯ ಪಟ್ಟಿಯನ್ನು ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಕೆದಾರರು) 'ಗ್ರೇಲೈನ್' ಎನ್ನುತ್ತಾರೆ.

ನೆಲ ಕತ್ತಲಾದರೂ ಮೇಲೆ ಬಿಸಿಲಿರುತ್ತದೆ ಎಂಬುದನ್ನು ನಂಬದವರು 1963ರ ನವೆಂಬರ್ 21ರ ಸಂಜೆಯನ್ನು ನೆನೆಯಬಹುದು. ಅಂದು ಕೇರಳದ ತುಂಬಾ ಎಂಬ ಊರಿನ ಉಡಾವಣಾ ಕೇಂದ್ರದಿಂದ ಹಾರಿದ ಮೊದಲ ರಾಕೆಟ್ ಬಿಟ್ಟ ಸೋಡಿಯಂ ಆವಿ, ಮೇಲಿನ ಬಿಸಿಲು ತಾಗಿದ್ದರಿಂದಲೇ ಮುಸ್ಸಂಜೆಯ ಆಗಸದಲ್ಲಿ ಹೊಳೆದು ಕಂಡಿತು.

ಕಿವಿಗೂ ಇದು ತಿಳಿಯುತ್ತದೆ. ಸಂಜೆ ಆರೂವರೆಯ ಹೊತ್ತಿಗೆ 49 ಮೀಟರ್ ಬ್ಯಾಂಡಿನಲ್ಲಿ ಮುಳ್ಳನ್ನು ಮೆಲ್ಲಗೆ ಸರಿಸುತ್ತ ಕೂತರೆ, ಆಗಲೇ ಕತ್ತಲಾಗಿರುವ ಚೀನಾದ ಕಡೆಯ ಸ್ಟೇಷನ್ನುಗಳು ಮೊದಲು ಗೊರಗೊರ ಸದ್ದಿನ ನಡುವಿನಿಂದ ಏಳುತ್ತವೆ. ಪಶ್ಚಿಮದವುಗಳಿಗೆ ಅಲ್ಲಿಯ ಹೊತ್ತು ಇಳಿಯುವವರೆಗೆ ಕಾಯಬೇಕು. ಬೆಳಗಿನ ಜಾವ ಪೂರ್ವದವೇ ಮೊದಲು ಅಡಗುತ್ತವೆ. ಭೂಕಾಂತೀಯ ಸಮಭಾಜಕ (ಭೂಮಿಯ ಕಾಂತಕ್ಷೇತ್ರದ ನಡುಗೆರೆ) ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುವುದರಿಂದ ನಮಗೆ ಇನ್ನೊಂದು ತೊಡಕೂ ಇದೆ: ಸೂರ್ಯಾಸ್ತದ ಬಳಿಕ ಎಫ್ ಪದರ ಮೇಲೆದ್ದು ಕದಡಿಹೋಗಿ, ಕೆಲವು ಸಂಜೆ ಧ್ವನಿ ನೀರೊಳಗಿಂದ ಬಂದಂತೆ ನಡುಗುತ್ತದೆ. ಇದು ತಿಳಿಯದೆ, ಸೆಟ್ಟು ಕೆಟ್ಟಿತೆಂದು ನಾನೊಮ್ಮೆ ಅದನ್ನು ರಿಪೇರಿಗೆ ಒಯ್ದದ್ದೂ ಉಂಟು.

ಆದ್ದರಿಂದ ಒಂದು ಕೋರಿಕೆ. ಪತ್ರಿಕೆಯ ಪಂಚಾಂಗದ ಮೂಲೆಯಲ್ಲಿ ಇಡೀ ರಾಜ್ಯಕ್ಕೆ ಒಂದೇ ಸೂರ್ಯಾಸ್ತದ ವೇಳೆ ಅಚ್ಚಾಗುತ್ತಿದೆ. ಕೋಲಾರಕ್ಕಿಂತ ಮಂಗಳೂರಿನಲ್ಲಿ ಸೂರ್ಯ ಸುಮಾರು 13 ನಿಮಿಷ ತಡವಾಗಿ ಮುಳುಗುತ್ತಾನೆ. ಮುಸ್ಸಂಜೆಯಲ್ಲಿ ಸ್ಟೇಷನ್ನು ಹುಡುಕುವವರಿಗೆ ಅಷ್ಟು ನಿಮಿಷ ಸಣ್ಣದಲ್ಲ. ಆಯಾ ಆವೃತ್ತಿಯಲ್ಲಿ ಆಯಾ ಊರಿನ ವೇಳೆಯನ್ನೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

— ಹಳೆಯ ರೇಡಿಯೊ ಕೇಳುಗ, ಶಿರಸಿ